ಹಳೇ ಜಿಪ್ಸಿ, ಹಳೇ ಜೀಪಿಗೆ ಕಡಿಮೆ ಖರ್ಚಿನ ಸಸ್ಪೆನ್ಷನ್ ಲಿಫ್ಟ್: ಯಾವುದು ಬೇಕು, ಯಾವುದು ಬೇಡ

ಗಾಡಿ ಎತ್ತರಿಸುವ ಲಿಫ್ಟ್ ಕಿಟ್‌ಗೆ ದುಡ್ಡು ಎಣಿಸುವ ಮುಂಚೆ ಒಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ತೂರಿ. ಎಲ್ಲಿ ತರಚಿದೆ, ಎಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿದೆ ನೋಡಿ. ಗಾಡಿಗೆ ಏನು ಬೇಕು ಅನ್ನುವುದನ್ನು ಯಾವ ಅಂಗಡಿಯವನಿಗಿಂತಲೂ ಆ ಗೀರುಗಳೇ ಚೆನ್ನಾಗಿ ಹೇಳುತ್ತವೆ.

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಗದ್ದೆ ದಾರಿಗಳನ್ನು ನೋಡಿದವರಿಗೆ ಗೊತ್ತು. ಎರಡೂ ಕಡೆ ಚಕ್ರದ ಜಾಡು ಆಳಕ್ಕೆ ಇಳಿದು ನಡುವೆ ದಿಣ್ಣೆ ಎದ್ದಿರುತ್ತದೆ. ಆ ದಿಣ್ಣೆಗೆ ಮೊದಲು ತಗಲುವುದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಉಂಡೆ. ನಿಮ್ಮ ಗೀರುಗಳು ಅಲ್ಲೇ ಇದ್ದರೆ ಯಾವ ಸಸ್ಪೆನ್ಷನ್ ಲಿಫ್ಟ್‌ನಿಂದಲೂ ಪ್ರಯೋಜನವಿಲ್ಲ. ಲಿಫ್ಟ್ ಎತ್ತುವುದು ಸ್ಪ್ರಿಂಗ್ ಮೇಲಿರುವ ಚಾಸಿ ಮತ್ತು ಬಾಡಿಯನ್ನು ಮಾತ್ರ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಒಂದೇ.

ಲೆಕ್ಕ ಸುಲಭ. ಜಿಪ್ಸಿ ಕಿಂಗ್‌ನ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ. 215/75 ಆರ್15 ಹಾಕಿದರೆ 704 ಮಿ.ಮೀ. ಆಗುತ್ತದೆ. ವ್ಯತ್ಯಾಸದ ಅರ್ಧ, ಅಂದರೆ 18 ಮಿ.ಮೀ., ಡಿಫರೆನ್ಷಿಯಲ್ ಕೆಳಗೆ ಸಿಗುತ್ತದೆ. 235/75 ಆರ್15 ಹಾಕಿದರೆ 33 ಮಿ.ಮೀ. ಸಿಗುತ್ತದೆ ನಿಜ, ಆದರೆ ಗೇರಿಂಗ್ ಸುಮಾರು ಶೇ. 10ರಷ್ಟು ಭಾರವಾಗುತ್ತದೆ, ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. 1.3 ಲೀಟರ್ ಎಂಜಿನ್ನು ಚಾಮುಂಡಿ ಬೆಟ್ಟ ಹತ್ತುವಾಗ ಅದನ್ನು ನೆನಪಿಸುತ್ತದೆ.

ಗೀರುಗಳು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಅಡಿ, ಚಾಸಿಯ ಅಡ್ಡಪಟ್ಟಿ, ಸೈಲೆನ್ಸರ್ ಮೇಲಿದ್ದರೆ ಲಿಫ್ಟ್ ಕೆಲಸಕ್ಕೆ ಬರುತ್ತದೆ. ಬಂಪರ್ ತುದಿ ಮಾತ್ರ ತಗಲುತ್ತಿದ್ದರೆ ಬಂಪರನ್ನು ಚಿಕ್ಕದು ಮಾಡಿಸುವುದೇ ಅಗ್ಗ. ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತಿದ್ದರೆ ಲಿಫ್ಟ್ ಬೇಕಾಗಬಹುದು, ಕೆಲವೊಮ್ಮೆ ಬಂಪ್ ಸ್ಟಾಪ್ (ಆಕ್ಸಲ್ ತೀರಾ ಮೇಲೆ ಬರದಂತೆ ತಡೆಯುವ ರಬ್ಬರ್ ತುಂಡು) ಸರಿಪಡಿಸಿದರೇ ಸಾಕಾಗುತ್ತದೆ.

ವೇಬ್ರಿಡ್ಜ್ ಮೇಲೆ ಅರ್ಧ ಗಂಟೆ

ಎರಡು ದಶಕ ಓಡಿದ ಪ್ಲೇಟ್ ಸ್ಪ್ರಿಂಗ್ ಕುಸಿಯದೆ ಇರುವುದಿಲ್ಲ. "ಎರಡಿಂಚು ಲಿಫ್ಟ್" ಎಂದು ಹಾಕಿಸಿಕೊಂಡ ಹಲವು ಗಾಡಿಗಳು ನಿಜಕ್ಕೂ ಪಡೆದದ್ದು ಕಂಪನಿಯವರು ಕೊಟ್ಟಿದ್ದ ಎತ್ತರವನ್ನೇ. ಅದಕ್ಕೇ ಮೊದಲ ಪ್ರಶ್ನೆ: ಗಾಡಿ ಎಷ್ಟು ಕುಸಿದಿದೆ?

ಅಳೆಯಲು ಸಮತಟ್ಟಾದ ಜಾಗ ಬೇಕು. ಕಬ್ಬು, ಭತ್ತ ತೂಗುವ ವೇಬ್ರಿಡ್ಜ್ ಸಿಕ್ಕರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ. ಮೊದಲು ಮುಂದಿನ ಚಕ್ರ ಎರಡನ್ನು ಮಾತ್ರ ತಕ್ಕಡಿಗೆ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿ. ಕಳೆದರೆ ಹಿಂದಿನ ಆಕ್ಸಲ್‌ನ ಭಾರ ಸಿಗುತ್ತದೆ. ಸಾಫ್ಟ್ ಟಾಪ್ ಜಿಪ್ಸಿ ಕಿಂಗ್ ಖಾಲಿ ಇದ್ದಾಗ ಸುಮಾರು 985 ಕೆ.ಜಿ. ಕಬ್ಬಿಣದ ಬಂಪರ್, ವಿಂಚ್, ಮೇಲೊಂದು ಕ್ಯಾರಿಯರ್ ಕೂತಿದ್ದರೆ ಎಷ್ಟು ಸೇರಿದೆ ಎಂದು ಚೀಟಿಯೇ ಹೇಳುತ್ತದೆ. ಸ್ಪ್ರಿಂಗ್ ಮಾಡುವವನಿಗೆ ಬೇಕಾದ ಮೊದಲ ಅಂಕಿ ಇದು. ಇದನ್ನು ಕೇಳದೆ ಸ್ಪ್ರಿಂಗ್ ಕೊಡುವವನಿಂದ ಸ್ಪ್ರಿಂಗ್ ತೊಗೋಬೇಡಿ.

ಅಲ್ಲೇ ಟೇಪ್ ಹಿಡಿದು ನಾಲ್ಕೂ ಚಕ್ರದ ಹಬ್ ಮಧ್ಯದಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಎಡಕ್ಕೂ ಬಲಕ್ಕೂ 10-12 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಕಡೆಯ ಸ್ಪ್ರಿಂಗ್ ಸೋತಿದೆ ಅಥವಾ ಒಳಗೊಂದು ಪ್ಲೇಟ್ ತುಂಡಾಗಿದೆ. ಸಾಮಾನ್ಯವಾಗಿ ಡ್ರೈವರ್ ಕಡೆಯದೇ ಮೊದಲು ಸೋಲುವುದು. ಒಳ್ಳೆಯ ಸ್ಥಿತಿಯಲ್ಲಿರುವ ಇನ್ನೊಂದು ಅದೇ ಮಾಡೆಲ್ ಗಾಡಿ ಸಿಕ್ಕರೆ ಅದನ್ನೂ ಅಳೆದು ಹೋಲಿಸಿ.

ಇನ್ನು ಗಾಡಿಯ ಮುಂಭಾಗವನ್ನು ಜಾಕಿಯಿಂದ ಎತ್ತಿ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಚಕ್ರ ಎಡ ಬಲ ತಿರುಗುವ ಕೀಲಾದ ಕಿಂಗ್ ಪಿನ್. ಎಡ ಬಲ ಹಿಡಿದಾಗ ಆಟವಿದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು) ಕಡೆ ನೋಡಿ. ಇವನ್ನು ಹಾಗೇ ಬಿಟ್ಟು ಲಿಫ್ಟ್ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಹಾಗೆ. ಎತ್ತರಿಸಿದ ಮೇಲೆ ಅದೇ ಸಣ್ಣ ಆಟ ಗುಂಡಿ ಹಾರಿದೊಡನೆ ಸ್ಟೀರಿಂಗ್ ಗಡಗಡ ನಡುಗುವ ಮಟ್ಟಕ್ಕೆ ಹೋಗುತ್ತದೆ.

ದಾರಿಗಳು, ಅಗ್ಗದಿಂದ ದುಬಾರಿಗೆ

ಎಲ್ಲಕ್ಕಿಂತ ಕಡಿಮೆ ಖರ್ಚಿನದು ಹಳೇ ಸ್ಪ್ರಿಂಗಿಗೇ ಕಮಾನು ಕೊಡಿಸುವುದು. ಮೈಸೂರಾಗಲಿ ಮಂಡ್ಯವಾಗಲಿ, ಲಾರಿ ಸ್ಪ್ರಿಂಗ್ ಕೆಲಸದವರು ಪ್ಲೇಟ್‌ಗಳನ್ನು ಬಿಚ್ಚಿ, ತಣ್ಣಗಿರುವಾಗಲೇ ಬಡಿದು ಬಗ್ಗಿಸಿ ಕೊಡುತ್ತಾರೆ. ಕಳೆದುಹೋದ ಒಂದಿಂಚನ್ನು ವಾಪಸ್ ತರುವಷ್ಟಕ್ಕೆ ಇದು ಸರಿ, ಅದಕ್ಕಿಂತ ಹೆಚ್ಚು ಕೇಳಬೇಡಿ. ಸ್ಪ್ರಿಂಗ್ ಸ್ಟೀಲನ್ನು ಸುಮಾರು 850 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ 450-500 ಡಿಗ್ರಿಯಲ್ಲಿ ಹದ ಮಾಡಿದಾಗಲೇ ಅದಕ್ಕೆ ಸೆಟೆದು ನಿಲ್ಲುವ ಗುಣ ಬರುವುದು. ಬಡಿದು ಕೊಟ್ಟ ಕಮಾನು ಕೆಲವು ತಿಂಗಳಲ್ಲಿ ಸ್ವಲ್ಪ ಇಳಿಯುತ್ತದೆ, ಅದನ್ನು ಒಪ್ಪಿಕೊಂಡೇ ಮಾಡಿಸಬೇಕು. ಗ್ಯಾಸ್ ಕಟರ್‌ನಿಂದ ಕೆಂಪಗೆ ಕಾಯಿಸಿ ಬಗ್ಗಿಸುತ್ತೇನೆ ಅನ್ನುವವನ ಹತ್ತಿರ ಮಾತ್ರ ಬಿಡಬೇಡಿ. ಕಾದ ಜಾಗ ಮೆತ್ತಗಾಗುತ್ತದೆ, ಪಕ್ಕದ ಜಾಗ ಗಾಜಿನಂತೆ ಬಿರುಸಾಗುತ್ತದೆ, ಪ್ಲೇಟ್ ಅಲ್ಲೇ ಕಟ್ ಆಗುತ್ತದೆ.

ಬಿಚ್ಚಿದಾಗ ಪ್ರತಿ ಪ್ಲೇಟನ್ನೂ ಬಿರುಕಿಗೆ ನೋಡಬೇಕು. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಸೀಮೆಎಣ್ಣೆ ಇಲ್ಲವೇ ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಒಣಬಟ್ಟೆಯಲ್ಲಿ ಪೂರಾ ಒರೆಸಿ, ಬಿಳಿ ಚಾಕ್‌ಪೀಸನ್ನು ಅಡ್ಡಲಾಗಿ ಹಿಡಿದು ತಿಕ್ಕಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಚಾಕ್‌ಗೆ ಹತ್ತಿ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಮುಖ್ಯವಾಗಿ ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಸುತ್ತ ಮತ್ತು ಮೇನ್ ಪ್ಲೇಟಿನ ಕಿವಿಯ (ತುದಿಯ ಸುರುಳಿ) ಬುಡದಲ್ಲಿ ನೋಡಿ. ಗುಜರಿಯಿಂದಲೋ ಇನ್ನೊಬ್ಬರ ಗಾಡಿಯಿಂದಲೋ ಬಿಚ್ಚಿದ ಕಿಟ್ ಕೊಳ್ಳುವಾಗಲೂ ಇದೇ ಪರೀಕ್ಷೆ. ಪ್ಲೇಟಿನ ಮೇಲೆ ಎಲ್ಲಾದರೂ ವೆಲ್ಡಿಂಗ್ ಗುರುತು ಕಂಡರೆ ಬೆಲೆ ಕೇಳದೆ ವಾಪಸ್ ಇಡಿ.

ಮುಂದಿನದು ಒಂದು ಪ್ಲೇಟ್ ಸೇರಿಸುವುದು. 25ರಿಂದ 40 ಮಿ.ಮೀ. ಎತ್ತರ ಸಿಗುತ್ತದೆ, ಜೊತೆಗೆ ಗಡಸುತನವೂ ಬರುತ್ತದೆ. ಎಡವುವುದು ದಪ್ಪದಲ್ಲಿ. ಪ್ಲೇಟಿನ ಗಡಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಇರಬೇಕಾದ ಕಡೆ 7 ಮಿ.ಮೀ. ಹಾಕಿದರೆ ಆ ಒಂದು ಪ್ಲೇಟು ಸುಮಾರು ಶೇ. 59ರಷ್ಟು ಹೆಚ್ಚು ಗಡಸು, 8 ಮಿ.ಮೀ. ಆದರೆ ಎರಡು ಪಟ್ಟಿಗೂ ಮೀರುತ್ತದೆ. ಪಿಕಪ್ ಗಾಡಿಯ ಉಳಿದ ಪ್ಲೇಟನ್ನು ಕತ್ತರಿಸಿ ಜಿಪ್ಸಿಗೆ ಸೇರಿಸಿದರೆ ಸ್ಪ್ರಿಂಗ್ ಮಡಚುವುದನ್ನೇ ಬಿಟ್ಟು ಚಕ್ರಗಳು ನೆಲ ಬಿಟ್ಟು ಏಳುತ್ತವೆ. ಹಳ್ಳ ದಿಣ್ಣೆಯಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಾ ನಿಲ್ಲುವ ಗಾಡಿಗಿಂತ ಒಂದಿಂಚು ತಗ್ಗಿರುವ ಗಾಡಿಯೇ ವಾಸಿ. ತೂಕದ ಚೀಟಿಯಲ್ಲಿ ವಿಂಚ್, ಬಂಪರಿನ ಭಾರ ಕಂಡಿದ್ದರೆ ಮುಂದಕ್ಕೆ ಮಾತ್ರ, ಹಿಂದೆ ಸಾಮಾನು ಹೇರುವವರಾದರೆ ಹಿಂದಕ್ಕೆ ಮಾತ್ರ ಪ್ಲೇಟ್ ಸೇರಿಸಿ. ಹಳೆಯ ಸೆಂಟರ್ ಬೋಲ್ಟ್ ಗಿಡ್ಡವಾಗುತ್ತದೆ, ಹೊಸದು ಉದ್ದದ್ದು ಬೇಕೇ ಬೇಕು.

ಶ್ಯಾಕಲ್ ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಆಡುವ ಪಟ್ಟಿ. ಉದ್ದ ಶ್ಯಾಕಲ್ ಮಾರುವವರು ಅದನ್ನೇ ಲಿಫ್ಟ್ ಕಿಟ್ ಅನ್ನುತ್ತಾರೆ. ಶ್ಯಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಏಳುವುದು ಅದರ ಅರ್ಧ, 25 ಮಿ.ಮೀ. ಮಾತ್ರ, ಏಕೆಂದರೆ ಸ್ಪ್ರಿಂಗಿನ ಒಂದೇ ತುದಿ ಕೆಳಗಿಳಿಯುತ್ತದೆ. ಆ ಒಂದೇ ತುದಿ ಇಳಿಯುವುದರಿಂದಲೇ ತೊಂದರೆಯೂ. ಜಿಪ್ಸಿಗೂ ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಿಗೂ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಸ್ಪ್ರಿಂಗ್ ಒಂದು ಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳಿ. ಮುಂದಿನ ತುದಿ 50 ಮಿ.ಮೀ. ಇಳಿದರೆ ಆಕ್ಸಲ್ ಸುಮಾರು 3 ಡಿಗ್ರಿ ಮುಂದಕ್ಕೆ ತಿರುಗುತ್ತದೆ. ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್, ಕಂಪನಿ ಕೊಟ್ಟದ್ದೇ ಕೆಲವು ಡಿಗ್ರಿ, ಅದರಲ್ಲಿ 3 ಹೋದರೆ ಉಳಿಯುವುದೇನು? ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಎಕ್ಸ್‌ಪ್ರೆಸ್‌ವೇಯಲ್ಲಿ ಗಾಡಿ ಕುಡಿದವನಂತೆ ಆ ಕಡೆ ಈ ಕಡೆ ಎಳೆಯುತ್ತದೆ.

ಇದಕ್ಕೆ ಮದ್ದು ಕೋನದ ಶಿಮ್, ಅಂದರೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ, ಒಂದು ಬದಿ ದಪ್ಪ ಇನ್ನೊಂದು ಬದಿ ತೆಳುವಾದ ಬೆಣೆ. ಸ್ಪ್ರಿಂಗ್ ಆಕ್ಸಲ್ ಕೆಳಗಿರುವ ಗಾಡಿಯಲ್ಲಿ ದಪ್ಪ ಬದಿ ಮುಂದಕ್ಕೆ ಬರಬೇಕು, ಆಗ ಕ್ಯಾಸ್ಟರ್ ಹೆಚ್ಚುತ್ತದೆ. ಸ್ಪ್ರಿಂಗ್ ಆಕ್ಸಲ್ ಮೇಲಿದ್ದರೆ ದಪ್ಪ ಬದಿ ಹಿಂದಕ್ಕೆ. ತಿರುಗಾಮುರುಗಾ ಹಾಕಿದರೆ ಇದ್ದದ್ದೂ ಹೋಗುತ್ತದೆ. ಶಿಮ್ ಹಾಕಿದಾಗ ಮುಂದಿನ ಪ್ರೊಪೆಲರ್ ಶಾಫ್ಟ್ (ಆಕ್ಸಲಿಗೆ ಬಲ ತರುವ ಉದ್ದ ದಂಡ) ಬಂದು ಸೇರುವ ಪಿನಿಯನ್ ಮೂತಿ ಸ್ವಲ್ಪ ಕೆಳಗೆ ತಿರುಗುತ್ತದೆ, ಅದಕ್ಕೇ 2-3 ಡಿಗ್ರಿಗಿಂತ ಮುಂದೆ ಹೋಗಬೇಡಿ. ನಮ್ಮ ಅಭಿಪ್ರಾಯ ಕೇಳಿದರೆ ಉದ್ದ ಶ್ಯಾಕಲ್ ಹಿಂದಕ್ಕೆ ಮಾತ್ರ ಸಾಕು, ಅದೂ 50 ಮಿ.ಮೀ. ಒಳಗೆ, 8 ಮಿ.ಮೀ.ಗಿಂತ ತೆಳುವಲ್ಲದ ಪಟ್ಟಿ, ಎರಡು ಪಟ್ಟಿಗಳ ನಡುವೆ ಅಡ್ಡ ಕಟ್ಟು ಇರುವಂಥದ್ದು. ಅಡ್ಡ ಕಟ್ಟಿಲ್ಲದ ಉದ್ದ ಶ್ಯಾಕಲ್ ಪಕ್ಕಕ್ಕೆ ವಾಲುತ್ತದೆ, ತಿರುವಿನಲ್ಲಿ ಗಾಡಿಯ ಹಿಂಭಾಗ ತೇಲಿದ ಹಾಗಾಗುತ್ತದೆ.

ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಕಬ್ಬಿಣದ ಬ್ಲಾಕ್ ಬಗ್ಗೆ ಒಂದು ಮಾತು. ಸ್ಪ್ರಿಂಗ್ ಆಕ್ಸಲ್ ಮೇಲಿರುವ ಗಾಡಿಗೆ, ಹಿಂದಕ್ಕೆ ಮಾತ್ರ, ಒಂದೇ ಬ್ಲಾಕ್ ನಡೆಯುತ್ತದೆ. ಮುಂದಕ್ಕೆ ಖಂಡಿತ ಕೂಡದು, ಬ್ರೇಕ್ ಹಿಡಿದಾಗಿನ ತಿರುಚು ಬಲ ಬ್ಲಾಕನ್ನು ಸರಿಸಬಹುದು. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್ ಕೆಳಗೇ ಇದೆ. ಅಲ್ಲಿ ಬ್ಲಾಕ್ ಇಟ್ಟರೆ ಗಾಡಿ ಏಳುವುದಿಲ್ಲ, ಇಳಿಯುತ್ತದೆ! ದುಡ್ಡು ಕೊಟ್ಟು ಗಾಡಿ ತಗ್ಗಿಸಿಕೊಂಡ ಹಾಗೆ.

2010ರಲ್ಲಿ ಬಂದ ಹಳೆಯ ತಲೆಮಾರಿನ ಥಾರ್ ಸಿಆರ್‌ಡಿಇಗೆ ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು. ಅದರ ಬೋಲ್ಟ್ ತಿರುಗಿಸಿ ಎತ್ತರಿಸುವುದಕ್ಕೆ ಕಾಸು ಖರ್ಚಿಲ್ಲ, ಆದರೆ ಅದು ಹೊಸ ಎತ್ತರವಲ್ಲ, ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನು ಕಿತ್ತು ಮೇಲಕ್ಕೆ ಕೊಟ್ಟದ್ದು. 25 ಮಿ.ಮೀ. ದಾಟಿದರೆ ಆಕ್ಸಲ್ ಶಾಫ್ಟಿನ ಜಾಯಿಂಟ್ ಕೋನ ಹೆಚ್ಚಾಗಿ ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೋಗಿ ಮಣ್ಣು ಸೇರುತ್ತದೆ. ಬಾಡಿ ಮತ್ತು ಚಾಸಿ ನಡುವೆ ಬಿಲ್ಲೆ ಇಡುವ ಬಾಡಿ ಲಿಫ್ಟ್ ಟೈರಿಗೆ ಜಾಗ ಕೊಡುತ್ತದೆ ಅಷ್ಟೆ, ಚಾಸಿ ಒಂದು ಕೂದಲಷ್ಟೂ ಏಳುವುದಿಲ್ಲ.

ಇನ್ನು ಸ್ಪ್ರಿಂಗನ್ನು ಆಕ್ಸಲ್ ಕೆಳಗಿಂದ ಮೇಲಕ್ಕೆ ಸಾಗಿಸುವ ಕೆಲಸ. ಒಂದೇ ಏಟಿಗೆ ಐದಿಂಚಿನ ಆಸುಪಾಸು ಎತ್ತರ, ಅದೂ ಹಳೇ ಸ್ಪ್ರಿಂಗಿನಲ್ಲೇ. ಅಗ್ಗ ಅನಿಸುತ್ತದೆ. ಆದರೆ ಆಕ್ಸಲ್ ಮೇಲೆ ಹೊಸ ಪ್ಯಾಡ್ ವೆಲ್ಡಿಂಗ್, ಸ್ಟೀರಿಂಗ್ ಲಿಂಕ್ ಬದಲಾವಣೆ, ಪ್ರೊಪೆಲರ್ ಶಾಫ್ಟ್ ಉದ್ದ ಮಾಡಿಸುವುದು, ಬ್ರೇಕ್ ಹೋಸ್, ಶಾಕಬ್ಸರ್ ಎಲ್ಲ ಸೇರಿದಾಗ ಬೇರೆಲ್ಲ ದಾರಿಗಳಿಗಿಂತ ದುಬಾರಿಯಾಗುತ್ತದೆ. ವಾಲುವುದನ್ನೂ ಲೆಕ್ಕ ಹಾಕಿ. ಎಡ ಬಲ ಚಕ್ರಗಳ ನಡುವೆ 1300 ಮಿ.ಮೀ., ಭಾರದ ಕೇಂದ್ರ ನೆಲದಿಂದ 650 ಮಿ.ಮೀ. ಅಂದುಕೊಳ್ಳಿ. ನಿಂತ ಗಾಡಿ ಮಗುಚುವ ಕೋನ 45 ಡಿಗ್ರಿ. 50 ಮಿ.ಮೀ. ಎತ್ತಿದರೆ 43, 125 ಮಿ.ಮೀ. ಎತ್ತಿದರೆ 40. ಓಡುವ ಗಾಡಿಯಲ್ಲಿ ಸ್ಪ್ರಿಂಗ್ ವಾಲುತ್ತದೆ, ಟೈರ್ ಅದುಮುತ್ತದೆ, ಜನ ಒಂದು ಕಡೆ ಒರಗುತ್ತಾರೆ, ಹಾಗಾಗಿ ನಿಜವಾದ ಕೋನ ಇದಕ್ಕಿಂತ ಎಷ್ಟೋ ಕಡಿಮೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಎದುರು ಟ್ರ್ಯಾಕ್ಟರಿಗೆ ದಾರಿ ಬಿಡಲು ಅಂಚಿಗೆ ಇಳಿಸುವವರು ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದಿನವೂ ಓಡಿಸುವ ಗಾಡಿಗೆ ನಮ್ಮ ಸಲಹೆ ಇಷ್ಟು: ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಅಥವಾ ಒಂದೂವರೆ, ಹೆಚ್ಚೆಂದರೆ ಎರಡಿಂಚು ಹೆಚ್ಚು ಕಮಾನಿರುವ ಸ್ಪ್ರಿಂಗ್ ಸೆಟ್, ಜೊತೆಗೆ ಒಂದು ಸೈಜ್ ದೊಡ್ಡ ಟೈರ್. ನೂರು ರೂಪಾಯಿ ಇದ್ದರೆ ಇಪ್ಪತ್ತು ಬುಶ್, ಕಿಂಗ್ ಪಿನ್, ಯು ಬೋಲ್ಟ್‌ಗೆ (ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟುವ ಯು ಆಕಾರದ ಬೋಲ್ಟ್), ಐವತ್ತು ಸ್ಪ್ರಿಂಗಿಗೆ, ಮೂವತ್ತು ಶಾಕಬ್ಸರಿಗೆ ಎತ್ತಿಡಿ. ಟೈರ್ ಲೆಕ್ಕ ಬೇರೆ.

ಶಾಕಬ್ಸರ್ ಅಳತೆ ತಪ್ಪಿದರೆ

ಹಳೇ ಶಾಕಬ್ಸರ್ ಇಟ್ಟುಕೊಂಡೇ ಎರಡಿಂಚು ಎತ್ತಿದರೆ ಚಕ್ರ ಕೆಳಗಿಳಿದಾಗಲೆಲ್ಲ ಅದು ಪೂರ್ತಿ ಎಳೆದುಕೊಂಡು ಟಕ್ ಅನ್ನುತ್ತದೆ, ಕೆಲವೇ ದಿನಗಳಲ್ಲಿ ಸೀಲ್ ಸೋರುತ್ತದೆ ಅಥವಾ ಕಿವಿ ಕಿತ್ತುಬರುತ್ತದೆ. ಬೇಕಿದ್ದಕ್ಕಿಂತ ಉದ್ದದ್ದು ಹಾಕಿದರೆ ಇನ್ನೂ ಕೆಟ್ಟದ್ದು. ಬಂಪ್ ಸ್ಟಾಪ್ ತಗಲುವ ಮುಂಚೆಯೇ ಶಾಕಬ್ಸರ್ ತಳಕ್ಕೆ ಬಡಿದು ಗಾಡಿಯ ಪೂರಾ ಭಾರ ಅದರ ಮೇಲೆ ಬೀಳುತ್ತದೆ.

ಹಾಗಾಗಿ ಹೊಸ ಸ್ಪ್ರಿಂಗ್ ಕೂತ ಮೇಲೆಯೇ ಅಳೆಯಿರಿ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಶಾಕಬ್ಸರ್ ಇಲ್ಲದೆ ಆಕ್ಸಲನ್ನು ಪೂರ್ತಿ ತೂಗಬಿಟ್ಟು ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಇರುವ ದೂರ ಬರೆದುಕೊಳ್ಳಿ. ಆಮೇಲೆ ಒಂದು ಚಕ್ರದ ಕೆಳಗೆ ಜಾಕಿ ಕೊಟ್ಟು ಬಂಪ್ ಸ್ಟಾಪ್ ಚೆನ್ನಾಗಿ ಅದುಮುವವರೆಗೆ ಎತ್ತಿ ಮತ್ತೆ ಅಳೆಯಿರಿ. ಶಾಕಬ್ಸರಿನ ಬಿಚ್ಚಿದ ಉದ್ದ ಮೊದಲ ಅಳತೆಗಿಂತ ಸ್ವಲ್ಪ ಹೆಚ್ಚಿರಬೇಕು, ಮುಚ್ಚಿದ ಉದ್ದ ಎರಡನೆಯದಕ್ಕಿಂತ 10-12 ಮಿ.ಮೀ. ಕಡಿಮೆ ಇರಬೇಕು. ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಹೋಗಿ. ಎರಡೂ ಒಟ್ಟಿಗೆ ಹೊಂದದಿದ್ದರೆ ಬಂಪ್ ಸ್ಟಾಪ್ ಕೆಳಗೆ ಬಿಲ್ಲೆ ಕೊಟ್ಟು ಉದ್ದ ಮಾಡಿ.

ಕೂರಿಸುವ ದಿನ

ಹಿಂದಿನ ರಾತ್ರಿಯೇ ಎಲ್ಲ ನಟ್ಟು ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮರುದಿನ ನೆಲದಲ್ಲೇ ಉಳಿಯುವ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟು, ಆಕ್ಸಲನ್ನು ಜಾಕಿಯಿಂದ ಆತು ಹಿಡಿಯಿರಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಆಕ್ಸಲ್ ಜಾರಿ ಹೋಗುವುದಿಲ್ಲ.

ಸ್ಪ್ರಿಂಗ್ ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನೊಳಗೆ ಸರಿಯಾಗಿ ಇಳಿದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಅಂಚಿನ ಮೇಲೆ ಕೂತಿದ್ದರೆ ಯು ಬೋಲ್ಟ್ ಬಿಗಿಯಾದಂತೆಯೇ ಅನಿಸುತ್ತದೆ, ಎರಡು ವಾರದಲ್ಲಿ ಆಕ್ಸಲ್ ಹಿಂದಕ್ಕೆ ಸರಿದು ಟೈರ್ ಒಂದು ಬದಿ ತಿನ್ನಲು ಶುರು. ಹಳೆಯ ಯು ಬೋಲ್ಟ್ ಮತ್ತೆ ಹಾಕಬೇಡಿ. ಒಮ್ಮೆ ಎಳೆದು ಬಿಗಿದ ಬೋಲ್ಟು ಎರಡನೇ ಸಲ ಹಿಡಿತ ನಿಲ್ಲಿಸಿಕೊಳ್ಳುವುದಿಲ್ಲ. ನಾಲ್ಕು ನಟ್ಟುಗಳನ್ನೂ ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಶ್ಯಾಕಲ್ ಮತ್ತು ಬುಶ್ ಬೋಲ್ಟನ್ನು ಮಾತ್ರ ಗಾಡಿ ಮೇಲಿರುವಾಗ ಬಿಗಿಯಲೇಬಾರದು. ಗ್ಯಾರೇಜಿನಲ್ಲಿ ಅವಸರದಲ್ಲಿ ಎಲ್ಲ ಒಟ್ಟಿಗೆ ಬಿಗಿದು ಇಳಿಸುವ ಅಭ್ಯಾಸವಿದೆ, ಹಾಗಾಗಿ ಕೆಲಸ ಶುರುವಾಗುವ ಮುಂಚೆಯೇ ಹೇಳಿಬಿಡಿ: "ಅಣ್ಣ, ಬುಶ್ ಬೋಲ್ಟ್ ಈಗ ಬರೀ ಕೈ ಬಿಗಿ ಇರಲಿ, ಗಾಡಿ ಕೆಳಗಿಳಿಸಿ ನಾಲ್ಕು ಸಲ ಅದುಮಿ ಆಮೇಲೆ ಟೈಟ್ ಮಾಡೋಣ." ತೂಗಾಡುವಾಗ ಬಿಗಿದರೆ ರಬ್ಬರ್ ಬುಶ್ ಆ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕೆ ಬಂದಾಗ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಅಲ್ಲಿಯವರೆಗೆ ಗಾಡಿ ಸುಳ್ಳು ಎತ್ತರ ತೋರಿಸುತ್ತದೆ. ರಬ್ಬರ್ ಬುಶ್‌ಗೆ ಸಾಧಾರಣ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಸಿಲಿಕಾನ್ ಗ್ರೀಸ್ ಸರಿ.

ಚಕ್ರ ಹಾಕುವ ಮುಂಚೆ, ಆಕ್ಸಲ್ ಪೂರ್ತಿ ಕೆಳಗಿದ್ದಾಗ ಬ್ರೇಕ್ ಹೋಸ್ ನೋಡಿ. ಅದು ಗಿಟಾರ್ ತಂತಿಯಂತೆ ಬಿಗಿದಿದ್ದರೆ ಉದ್ದದ ಹೋಸ್ ಬೇಕು, ಇಲ್ಲವೇ ಚಾಸಿ ಕಡೆಯ ಬ್ರಾಕೆಟ್ ಕೆಳಗಿಳಿಸಬೇಕು. ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿಯೂ ನೋಡಿ. ಪ್ರೊಪೆಲರ್ ಶಾಫ್ಟಿನ ಜಾರು ಭಾಗ ಪೂರ್ತಿ ಎಳೆದಾಗಲೂ 25 ಮಿ.ಮೀ. ಆದರೂ ಒಳಗೆ ಉಳಿದಿರಬೇಕು. ಹಿಂದಿನ ಶ್ಯಾಕಲ್ ಉದ್ದ ಮಾಡಿದ್ದರೆ ಪಿನಿಯನ್ ಮೂತಿ ಮೇಲಕ್ಕೆ ತಿರುಗಿರುತ್ತದೆ. ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳ ಕೋನ ಹೆಚ್ಚುಕಡಿಮೆ ಸಮವಿರಬೇಕು, ಇಲ್ಲದಿದ್ದರೆ ಒಂದು ನಿರ್ದಿಷ್ಟ ಸ್ಪೀಡಿನಲ್ಲಿ ಸೀಟಿನ ಕೆಳಗೆ ಗುಂಯ್ ಎಂಬ ಅದುರು ಶುರುವಾಗುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಅಳೆದರೂ ಸಾಕು. ಹಿಂದಿನ ಆಕ್ಸಲಿಗೆ ಕಡ್ಡಿಯಿಂದ ಜೋಡಿಸಿದ ಬ್ರೇಕ್ ವಾಲ್ವ್ ನಿಮ್ಮ ಗಾಡಿಯಲ್ಲಿದ್ದರೆ ಎತ್ತರಿಸಿದಷ್ಟೇ ಆ ಕಡ್ಡಿಯ ಬ್ರಾಕೆಟನ್ನೂ ಸರಿಸಬೇಕು. ಮರೆತರೆ ಗಾಡಿ ಖಾಲಿಯಿದೆ ಎಂದುಕೊಂಡು ವಾಲ್ವು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ.

ಸ್ಟೀರಿಂಗ್ ಚಕ್ರ ಒಂದು ಬದಿಗೆ ವಾರೆಯಾಗಿ ನಿಂತರೆ ಅದನ್ನು ಕಿತ್ತು ನೇರ ಕೂರಿಸಬೇಡಿ, ಸ್ಟೀರಿಂಗ್ ಪೆಟ್ಟಿಗೆಯಿಂದ ಚಕ್ರದ ಕಡೆ ಹೋಗುವ ಡ್ರ್ಯಾಗ್ ಲಿಂಕ್ ಸರಳಿನ ಉದ್ದ ಹೊಂದಿಸಿ. ಆಮೇಲೆ ಅಲೈನ್‌ಮೆಂಟ್ ಮಾಡಿಸುವಾಗ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಜೊತೆ ಕ್ಯಾಸ್ಟರ್ ಅಂಕಿಯನ್ನೂ ಕೇಳಿ ಬರೆಸಿಕೊಳ್ಳಿ. ಮೊದಲ ಓಟ 20, 40, 60 ಎಂದು ಹಂತ ಹಂತವಾಗಿರಲಿ, ಮೊದಲ ದಿನವೇ ಬೆಂಗಳೂರಿಗೆ ಹೊರಡಬೇಡಿ.

ಆರ್‌ಟಿಒ ವಿಷಯ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇವೆ. ಕುಸಿದ ಸ್ಪ್ರಿಂಗನ್ನು ಮೂಲ ಎತ್ತರಕ್ಕೆ ತರುವುದು ರಿಪೇರಿ. ಅದಕ್ಕಿಂತ ಮೇಲೆ ಹೋಗುವವರು ಕೆಎ-09, ಕೆಎ-55, ಕೆಎ-11, ಯಾವುದೇ ಇರಲಿ, ತಮ್ಮ ಕಚೇರಿಯಲ್ಲಿ ಮೊದಲೇ ವಿಚಾರಿಸಿ. 15 ವರ್ಷ ದಾಟಿದ ಗಾಡಿಯಾದರೆ ಮರು ನೋಂದಣಿಯ ತಪಾಸಣೆಗೆ ಹೇಗೂ ನಿಲ್ಲಿಸಲೇಬೇಕು. ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಲಿಫ್ಟ್ ಹಾಕಿಸಿ 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಯು ಬೋಲ್ಟ್ ಬಿಗಿಯಬೇಕು. ಪ್ಲೇಟುಗಳ ನಡುವಿನ ಬಣ್ಣ, ತುಕ್ಕು ಅರೆದುಹೋಗಿ ಅವು ಸಡಿಲಾಗಿಯೇ ಇರುತ್ತವೆ. ಆಗಲೇ ಹಬ್‌ನಿಂದ ಮಡ್‌ಗಾರ್ಡಿಗೆ ಮತ್ತೆ ಅಳೆಯಿರಿ. 5-10 ಮಿ.ಮೀ. ಇಳಿದಿದ್ದರೆ ಅದು ಸಹಜ, ಒಂದೇ ಬದಿ ಇಳಿದಿದ್ದರೆ ಸ್ಪ್ರಿಂಗ್ ಕೊಟ್ಟವನ ಹತ್ತಿರ ವಾಪಸ್ ಹೋಗಿ. ಇನ್ನೊಂದು ಹೆಡ್‌ಲೈಟ್. ಲಿಫ್ಟ್‌ಗೆ ಮುಂಚೆಯೇ ಗೋಡೆಯಿಂದ ಐದು ಮೀಟರ್ ದೂರ ಗಾಡಿ ನಿಲ್ಲಿಸಿ ಬೆಳಕಿನ ಮೇಲಂಚಿಗೆ ಚಾಕ್‌ನಲ್ಲಿ ಗೆರೆ ಎಳೆದಿಡಿ, ಆಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಸ್ಕ್ರೂ ತಿರುಗಿಸಿ ಆ ಗೆರೆಗೆ ಇಳಿಸಿ. ಇಲ್ಲದಿದ್ದರೆ ರಾತ್ರಿ ಎದುರು ಬರುವ ಸ್ಕೂಟರಿನವರ ಕಣ್ಣಿಗೇ ಬೆಳಕು ಹೊಡೆಯುತ್ತದೆ.